ಆಲ್ಬರ್ಟ್ ಸರೋವರದ ದಂಡೆಯಲ್ಲಿ ಮಡ್ ಲಾಗಿಂಗ್

ತೈಲಬಾವಿ ಮೇಲೆ ಕೆಲಸ ಅಂದರೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ಸೌದಿಯೋ, ಮಸ್ಕತ್ತೋ?" ಉಗಾಂಡಾ ಅಂದರೆ ಇದಿ ಅಮೀನನ ಹೆಸರು ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಅವ್ವ ಮಾತ್ರ ನೇರವಾಗಿ ಕೇಳಿದ್ದಳು, "ಅಲ್ಲೋ, ಆ ದೇಶದಾಗ ಎಣ್ಣಿ ಐತೇನು?" 2005ರಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ತೈಲ ಉದ್ಯಮದಲ್ಲಿ ಪಳಗಿದವರೂ ತಲೆ ಅಲ್ಲಾಡಿಸುತ್ತಿದ್ದರೇನೋ. ನಾನು ಹೊರಟಿದ್ದು 2008ರ ಕೊನೆಗೆ. ಅಷ್ಟೊತ್ತಿಗೆ ಮ್ಪೂಟಾ, ವರಾಗಾ, ಕಿಂಗ್‌ಫಿಶರ್ ಎಂಬ ಅಲ್ಲಿನ ತೈಲಬಾವಿಗಳ ಹೆಸರುಗಳು ನಮ್ಮ ಕಸುಬಿನವರ ಬಾಯಲ್ಲಿ ಓಡಾಡತೊಡಗಿದ್ದವು.

ನಾನು ಓದಿದ್ದು ಧಾರವಾಡದಲ್ಲಿ, ಭೂವಿಜ್ಞಾನ. ನಮ್ಮ ಕಲ್ಲುಗಳೆಲ್ಲ ಇನ್ನೂರೈವತ್ತು ಮುನ್ನೂರು ಕೋಟಿ ವರ್ಷ ಹಳೆಯವು; ಬೆಂದು, ಮಡಚಿ, ಗಟ್ಟಿಯಾದ ಶಿಲೆ. ಸಂಡೂರಿನಲ್ಲಿ ಕಬ್ಬಿಣ, ಹಟ್ಟಿಯಲ್ಲಿ ಚಿನ್ನ ಸಿಕ್ಕೀತು, ಎಣ್ಣೆ ಮಾತ್ರ ಸಿಗದು. ಎಣ್ಣೆಗೆ ಬೇಕಾದದ್ದು ಎಳೆಯ ಕೆಸರು, ಮರಳು, ಅದರ ಕೆಳಗೆ ಹೂತುಹೋದ ಪಾಚಿ, ಹದವಾದ ಬಿಸಿ. ಆಫ್ರಿಕಾ ಖಂಡ ಸೀಳುತ್ತಿರುವ ಪಶ್ಚಿಮದ ಬಿರುಕಿನಲ್ಲಿ, ಉಗಾಂಡಾ ಮತ್ತು ಕಾಂಗೋ ನಡುವೆ, ಇವೆಲ್ಲ ಇವೆ. ಆ ತಗ್ಗಿಗೆ ಆಲ್ಬರ್ಟೈನ್ ಗ್ರಾಬೆನ್ ಅಂತ ಹೆಸರು. ಉಗಾಂಡಾ ಕಡೆಯ ಭಾಗವೇ ಸುಮಾರು 23,000 ಚದರ ಕಿಲೋಮೀಟರ್. ಕೆಲವೆಡೆ ಐದಾರು ಕಿಲೋಮೀಟರ್ ದಪ್ಪಕ್ಕೆ ಹೂಳು ತುಂಬಿದೆ, ಅದೂ ಬಹುಪಾಲು ಕಳೆದ ಒಂದೆರಡು ಕೋಟಿ ವರ್ಷದೊಳಗಿನದು. ಧಾರವಾಡದಲ್ಲಿ ಓದಿದವನಿಗೆ ಅದು ನಿನ್ನೆ ಮೊನ್ನೆಯ ಮಣ್ಣು.

ಎಂಟೆಬೆಯಲ್ಲಿ ಇಳಿದು, ಕಂಪಾಲಾ ದಾಟಿ, ಮಸಿಂಡಿಯಲ್ಲಿ ಉಳಿದು, ಬುಡೊಂಗೊ ಕಾಡಿನೊಳಗೆ ಹಾದು ಹೋದೆವು. ಕಾಡು ಮುಗಿದದ್ದೇ ನೆಲ ಕಡಿದುಬೀಳುತ್ತದೆ. ಕೆಂಪು ಮಣ್ಣಿನ ರಸ್ತೆ ಸುತ್ತಿ ಸುತ್ತಿ ಇಳಿಯುತ್ತಿದ್ದರೆ ಕೆಳಗೆ ಬಯಲು, ಬಯಲಿನಾಚೆ ಆಲ್ಬರ್ಟ್ ಸರೋವರ, ಅದರಾಚೆ ಕಾಂಗೋದ ನೀಲಿ ಗುಡ್ಡಗಳು. ಆ ದಿಣ್ಣೆಯೇ ಬಿರುಕಿನ ಅಂಚು. ಪಾಠದ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ತೋರಿಸುವ ಸ್ತರಭಂಗದ (ಕಲ್ಲಿನ ಪದರ ಸೀಳಿ ಸರಿದ ಜಾಗ) ಮೇಲೆ ಜೀಪಿನಲ್ಲಿ ಇಳಿಯುತ್ತಿದ್ದೇನೆ ಎಂದು ನನಗೊಬ್ಬನಿಗೇ ಖುಷಿ. ಡ್ರೈವರ್‌ಗೆ ಬ್ರೇಕಿನದೇ ಚಿಂತೆ. ಇಳಿದ ಮೇಲೆ ಬುಟಿಯಾಬಾ. ಬ್ರಿಟಿಷರ ಕಾಲದಲ್ಲಿ ಸ್ಟೀಮರ್‌ಗಳು ನಿಲ್ಲುತ್ತಿದ್ದ ಬಂದರು, ಅರವತ್ತರ ದಶಕದ ಆರಂಭದ ನೆರೆಯಲ್ಲಿ ಹಾಳಾಯಿತು. 1954ರಲ್ಲಿ ಹೆಮಿಂಗ್ವೇ ಎರಡನೇ ಸಲ ವಿಮಾನ ಅಪಘಾತದಿಂದ ಬದುಕುಳಿದದ್ದು ಇಲ್ಲಿಯ ಏರ್‌ಸ್ಟ್ರಿಪ್‌ನಲ್ಲೇ. ಪ್ರವಾಸಿಗರಿಗೆ ಆ ಕಥೆ ಹೇಳುತ್ತಾರೆ. ನನಗೆ ಬೇಕಿದ್ದ ಕಥೆ ಬೇರೆ: 1938ರಲ್ಲಿ ಆಫ್ರಿಕನ್ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಕಂಪನಿ ಉಗಾಂಡಾದ ಮೊದಲ ಆಳದ ಬಾವಿ ಕೊರೆದದ್ದು ಇದರ ಹತ್ತಿರದಲ್ಲೇ, ವಾಕಿ ಎಂಬಲ್ಲಿ. ಎಲ್ಲಿ ಅಂತ ಡ್ರೈವರನ್ನು ಕೇಳಿದರೆ ಸ್ಟಿಯರಿಂಗ್ ಬಿಡದೆ ಗದ್ದದಿಂದಲೇ ಒಂದು ದಿಕ್ಕು ತೋರಿಸಿದ. ಹುಲ್ಲು, ದನ.

ನಮ್ಮ ರಿಗ್, ಅಂದರೆ ಬಾವಿ ಕೊರೆಯುವ ಯಂತ್ರ, ಇದ್ದದ್ದು ಸರೋವರದ ದಂಡೆಯ ಬುಲಿಸಾ ಕಡೆ. ಮಡ್ ಲಾಗಿಂಗ್ ಕಂಪನಿ ಇನ್ನೊಂದು ಕಂಪನಿಗೆ ಗುತ್ತಿಗೆ, ಅದು ಮತ್ತೊಂದಕ್ಕೆ. ನಾನು ಆ ಸರಪಳಿಯ ಕೊನೆಯ ಕೊಂಡಿ. ಕೆಲಸದ ಜಾಗ ಕಂಟೇನರ್‌ನಷ್ಟು ದೊಡ್ಡ ಕ್ಯಾಬಿನ್, ಎಲ್ಲರೂ ಯೂನಿಟ್ ಅನ್ನುತ್ತಾರೆ. ಒಳಗೆ ಎಸಿ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೊಗ್ರಾಫ್, ಸೂಕ್ಷ್ಮದರ್ಶಕ, ಅತಿನೇರಳೆ ಬೆಳಕಿನ ಯುವಿ ಪೆಟ್ಟಿಗೆ, ಹಿಂದಿನ ಶಿಫ್ಟಿನವನು ಬಿಟ್ಟುಹೋದ ನೂಡಲ್ಸ್ ಕಪ್ಪು. ಹನ್ನೆರಡು ಗಂಟೆಯ ಶಿಫ್ಟು, ನನಗೆ ಸಾಮಾನ್ಯವಾಗಿ ರಾತ್ರಿಯದು.

ಕೆಲಸ ಇಷ್ಟೇ. ಪೈಪಿನ ತುದಿಯ ಬಿಟ್ ನೆಲ ಕಡಿಯುತ್ತದೆ, ಪೈಪಿನೊಳಗಿಂದ ಪಂಪು ತಳ್ಳುವ ಮಡ್ ಎಂಬ ಕೆಸರು ದ್ರವ ಆ ಚೂರುಗಳನ್ನು ಹೊತ್ತು ಹೊರಗೋಡೆಗುಂಟ ಮೇಲೆ ಬರುತ್ತದೆ, ಶೇಲ್ ಶೇಕರ್ ಎಂಬ ಅಲುಗುವ ಜಾಲರಿಯ ಮೇಲೆ ಚೂರು ಉಳಿದು ಮಡ್ ಕೆಳಗಿಳಿಯುತ್ತದೆ. ಚೂರನ್ನು ತೊಳೆದು ನೋಡಿ, ಕೆಳಗೇನಿದೆ ಎಂದು ಹೇಳಬೇಕು. ತೊಡಕೆಂದರೆ, ಈಗ ಕಡಿದದ್ದು ಈಗಲೇ ಕೈಗೆ ಬರುವುದಿಲ್ಲ. ನಮ್ಮದು ಆಳದ ಬಾವಿಯಲ್ಲ, ಸಾವಿರ ಮೀಟರ್‌ನೊಳಗೇ ಗುರಿ. ಆದರೂ ಚೂರು ಮೇಲೆ ಬರಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅದಕ್ಕೆ ಲ್ಯಾಗ್ ಅನ್ನುತ್ತೇವೆ. ಲೆಕ್ಕ ಹಾಕಿದರೆ ಸಿಗುತ್ತದೆ, ಆದರೆ ಸಡಿಲ ಮರಳಿನಲ್ಲಿ ಬಾವಿಯ ಗೋಡೆ ಕೊಚ್ಚಿ ಅಗಲವಾಗಿಬಿಟ್ಟರೆ ಲೆಕ್ಕ ಕೆಡುತ್ತದೆ. ಆಗ ಉಪಾಯ ಅಕ್ಕಿ. ಹೊಸ ಪೈಪು ಜೋಡಿಸುವಾಗ ಒಂದು ಹಿಡಿ ಅಕ್ಕಿಯನ್ನು ಪೈಪಿನೊಳಗೆ ಸುರಿಯುವುದು, ಪಂಪು ಶುರುವಾದ ಮೇಲೆ ಸ್ಟ್ರೋಕ್ ಎಣಿಸುವುದು, ಶೇಕರ್ ಮೇಲೆ ಅಕ್ಕಿಕಾಳು ಕಂಡಾಗ ಎಣಿಕೆ ನಿಲ್ಲಿಸುವುದು. ಕಿಚನ್ನಿನವರಿಗೆ ನಾವು ಪದೇ ಪದೇ ಅಕ್ಕಿ ಕೇಳುವುದು ಭಾರತೀಯರ ಚಟ ಅಂತಲೇ ಅನಿಸಿತ್ತು.

ಸ್ಯಾಂಪಲ್ ಹಿಡಿಯುವ ಹುಡುಗ ಹೊಯ್ಮಾ ಕಡೆಯವನು. ಹೆಸರು ಹೇಳಿದ, ಆದರೆ ಕೂಗುವಾಗ ಅಮೂಟಿ ಅನ್ನಬೇಕೆಂದ. ಬುನ್ಯೋರೋ ಸೀಮೆಯಲ್ಲಿ ಪ್ರತಿಯೊಬ್ಬರಿಗೂ ಹೆಸರಿನ ಜೊತೆಗೊಂದು ಎಂಪಾಕೊ ಇರುತ್ತದೆ; ಹನ್ನೆರಡರಲ್ಲಿ ಒಂದು, ಹತ್ತಿರದವರು, ಗೌರವ ಕೊಡುವವರು ಕರೆಯುವ ಹೆಸರು. ಅದಿಲ್ಲದವನನ್ನು ಹೇಗೆ ಮಾತಾಡಿಸುವುದು ಎಂದು ಅವನಿಗೇ ಕಸಿವಿಸಿ. ವಾರ ಕಳೆಯುವಷ್ಟರಲ್ಲಿ ನನಗೂ ಒಂದು ಕೊಟ್ಟ: ಅರಾಲಿ. ಇಡೀ ರಿಗ್ಗಿನಲ್ಲಿ ಅಮೆರಿಕನ್ ಡ್ರಿಲ್ಲರ್‌ನಿಂದ ಹಿಡಿದು ಅಡಿಗೆಯವರವರೆಗೆ ಕೊನೆಗೂ ನಾನು ಅರಾಲಿಯಾಗಿಯೇ ಉಳಿದೆ.

ಅಮೂಟಿ ಪ್ರತಿ ಐದು ಮೀಟರಿಗೆ ಒಮ್ಮೆ ಬಟ್ಟೆ ಚೀಲಕ್ಕೆ ಹಸಿ ಸ್ಯಾಂಪಲ್ ತುಂಬಿ, ಉಳಿದದ್ದನ್ನು ಒಂದರ ಮೇಲೊಂದಿಟ್ಟ ಜರಡಿಗಳಲ್ಲಿ ತೊಳೆದು ತಟ್ಟೆಗೆ ಹಾಕಿ ತರುತ್ತಿದ್ದ. ಇಲ್ಲೊಂದು ಮೋಸವಿದೆ. ಆಲ್ಬರ್ಟ್ ದಂಡೆಯ ಜೇಡಿ ಎಷ್ಟು ಮೆತ್ತಗೆಂದರೆ ನೀರು ಬಿದ್ದರೆ ಕರಗಿಹೋಗುತ್ತದೆ. ತಟ್ಟೆಯಲ್ಲಿ ತೊಂಬತ್ತು ಪಾಲು ಮರಳು ಕಂಡರೂ ಕೆಳಗಿರುವುದು ಹೆಚ್ಚಾಗಿ ಜೇಡಿಯೇ ಆಗಿರಬಹುದು. ಹಾಗಾಗಿ ತಟ್ಟೆ ನೋಡುವ ಮೊದಲು ಶೇಕರ್ ನೋಡಬೇಕು, ಜಾಲರಿಯ ಮೇಲೆ ಅಂಟುಂಟಾಗಿ ಮುದ್ದೆ ಬರುತ್ತಿದೆಯೋ ಎಂದು ಕೈಯಿಟ್ಟು ನೋಡಬೇಕು, ತೊಳೆದ ನೀರಿನ ಬಣ್ಣ ನೋಡಬೇಕು. ಯೂನಿಟ್ಟಿನ ಎಸಿ ಬಿಟ್ಟು ಹೊರಗೆ ಬರದವನು ಬರೆದ ಲಾಗ್, ಅಂದರೆ ಬಾವಿಯ ದಾಖಲೆ, ನಂಬಬಾರದು ಎಂಬುದು ನನ್ನ ಅಂದಿನ, ಇಂದಿನ ಅಭಿಪ್ರಾಯ.

ರಾತ್ರಿ ಪಾಳಿಯಲ್ಲಿ ಸರ್ಕಾರದ ಕಡೆಯಿಂದ ಒಬ್ಬ ಭೂವಿಜ್ಞಾನಿ ಇರುತ್ತಿದ್ದರು. ಎಂಟೆಬೆಯ ಪೆಟ್ರೋಲಿಯಂ ಇಲಾಖೆಯವರು, ನನಗಿಂತ ಸಾಕಷ್ಟು ಹಿರಿಯರು. ಕಂಪನಿಯವರು ಪವರ್‌ಪಾಯಿಂಟ್‌ನಲ್ಲಿ ತೋರಿಸುತ್ತಿದ್ದ ಇತಿಹಾಸ 1997ರಿಂದ ಶುರುವಾಗುತ್ತಿತ್ತು. ಹೆರಿಟೇಜ್ ಕಂಪನಿ ಲೈಸೆನ್ಸ್ ಪಡೆದ ವರ್ಷ ಅದು. ಇವರ ಇತಿಹಾಸ ನೆಲದಿಂದ ಜಿನುಗುವ ಎಣ್ಣೆಯಿಂದ ಶುರು. ದಂಡೆಯ ಮೀನುಗಾರರಿಗೆ ಅದು ಮೊದಲೇ ಗೊತ್ತಿತ್ತು. ಇಪ್ಪತ್ತರ ದಶಕದಲ್ಲಿ ಉಗಾಂಡಾ ಭೂಸರ್ವೇಕ್ಷಣೆಯ ಮುಖ್ಯಸ್ಥನಾಗಿದ್ದ ಇ. ಜೆ. ವೇಲ್ಯಾಂಡ್ ಈ ತಗ್ಗಿನುದ್ದಕ್ಕೂ ಓಡಾಡಿ 52 ಕಡೆ ಎಣ್ಣೆಯ ಕುರುಹು ಗುರುತಿಸಿ 1925ರಲ್ಲಿ ವರದಿ ಪ್ರಕಟಿಸಿದ. ಅದಾಗಿ ಹದಿಮೂರು ವರ್ಷಕ್ಕೆ ವಾಕಿ ಬಾವಿ, ಸುಮಾರು 1,200 ಮೀಟರ್ ಆಳ. ಎಣ್ಣೆಯ ಸುಳಿವು ಸಿಕ್ಕಿತು, ವ್ಯಾಪಾರಕ್ಕೆ ಆಗುವಷ್ಟಲ್ಲ. ಮರುವರ್ಷ ಎರಡನೇ ಮಹಾಯುದ್ಧ. ಆಮೇಲೆ ಐವತ್ತರ ದಶಕದವರೆಗೆ ಅಲ್ಲಲ್ಲಿ ಕೊರೆದ ಆಳವಿಲ್ಲದ ಬಾವಿಗಳು ಬಿಟ್ಟರೆ ಮೌನ. ಸ್ವಾತಂತ್ರ್ಯ ಬಂತು, ಅಮೀನ್ ಬಂದ, ಯುದ್ಧಗಳು ಬಂದವು.

ಯುದ್ಧ, ರಾಜಕೀಯ ಎಲ್ಲ ನಿಜ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಕಾಣುವುದು ಸಮುದ್ರ. ಹಿಂದೂ ಮಹಾಸಾಗರ ಇಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಕೊಲ್ಲಿಯಲ್ಲಿ ಎಣ್ಣೆ ಬಂದರಿನ ಪಕ್ಕದಲ್ಲೇ ಚಿಮ್ಮುತ್ತಿದ್ದ ಕಾಲದಲ್ಲಿ ಈ ಹೊಂಡದೊಳಗಿನ ಎಣ್ಣೆ ಯಾರಿಗೆ ಬೇಕಿತ್ತು? ಈ ತಗ್ಗಿನ ಕಲ್ಲು ಯಾರನ್ನೂ ದೂರ ಅಟ್ಟಲಿಲ್ಲ.

ಎಂಬತ್ತರ ದಶಕದ ಕಥೆ ಬಂದಾಗ ಅವರ ದನಿ ಬದಲಾಗುತ್ತಿತ್ತು. 1983ರಲ್ಲಿ ವಿಮಾನದಿಂದ ಕಾಂತೀಯ ಸರ್ವೆ ನಡೆದು ತಗ್ಗಿನಲ್ಲಿ ದಪ್ಪ ಹೂಳು ತುಂಬಿದ ಜಾಗಗಳು ಗೊತ್ತಾದವು. 1985ರಲ್ಲಿ ಪೆಟ್ರೋಲಿಯಂ ಕಾಯಿದೆ ಬಂತು. ಸರ್ಕಾರ ತನ್ನ ತರುಣ ಭೂವಿಜ್ಞಾನಿಗಳನ್ನು ತೈಲ ವಿಷಯ ಓದಲು ಹೊರದೇಶಕ್ಕೆ ಕಳಿಸಿತು. 1991ರಲ್ಲಿ ಪ್ರತ್ಯೇಕ ಇಲಾಖೆಯಾಯಿತು. ಮುಂದೆ ಇಲಾಖೆ ನಡೆಸಿದ ರೂಬೆನ್ ಕಶಾಂಬುಜಿ, ಅವರ ನಂತರದ ಅರ್ನೆಸ್ಟ್ ರುಬೊಂಡೊ ಆ ತಲೆಮಾರಿನವರು. ಅದೇ ವರ್ಷ ಬೆಲ್ಜಿಯಂನ ಪೆಟ್ರೋಫಿನಾ ಇಡೀ ಗ್ರಾಬೆನ್‌ಗೆ ಲೈಸೆನ್ಸ್ ಪಡೆಯಿತು, 1993ರಲ್ಲಿ ಒಂದೂ ಬಾವಿ ಕೊರೆಯದೆ ಎದ್ದು ಹೋಯಿತು. ಆಗ ಇಲಾಖೆಯವರು ತಾವೇ ಟೆಂಟು ಹೊತ್ತು ಹೊರಟರು. ಕಲ್ಲು ನೋಡಿ ನಕ್ಷೆ ಬರೆದರು, ಗುರುತ್ವ ಮತ್ತು ಕಾಂತೀಯ ಅಳತೆ ಮಾಡಿದರು, ಆ ಮಾಹಿತಿ ಹಿಡಿದು ಕಂಪನಿಗಳ ಬಾಗಿಲು ತಟ್ಟಿದರು.

"ನಮ್ಮ ಹತ್ತಿರ ಹಣ ಇರಲಿಲ್ಲ, ಕಾಗದ ಇತ್ತು," ಎಂದರು ಅವರು ಒಂದು ರಾತ್ರಿ. ಅಮೂಟಿ ಚಹಾ ತಂದಿದ್ದ. ಹೊರಗೆ ಜನರೇಟರ್ ಸದ್ದು, ಕಿಟಕಿ ತುಂಬ ಸರೋವರದ ಹುಳ.

ನಂತರದ್ದು ಕಂಪನಿಗಳ ಕಥೆ, ಎಲ್ಲರಿಗೂ ಗೊತ್ತಿರುವುದೇ. ಹೆರಿಟೇಜ್ 1998ರಲ್ಲಿ ದಕ್ಷಿಣದ ಸೆಮ್ಲಿಕಿಯಲ್ಲಿ ಸೀಸ್ಮಿಕ್ ಸರ್ವೆ (ನೆಲಕ್ಕೆ ಕಂಪನ ಕಳಿಸಿ ಒಳಗಿನ ಪದರ ನೋಡುವುದು) ಮಾಡಿತು, 2002ರಿಂದ ಟುರಾಕೊ ಬಾವಿಗಳನ್ನು ಕೊರೆಯಿತು. ವಾಕಿಯ ನಂತರ ಆಳಕ್ಕೆ ಇಳಿದ ಬಾವಿ ಅದೇ ಮೊದಲು: ನಡುವೆ 64 ವರ್ಷ. ಟುರಾಕೊದಲ್ಲಿ ಸಿಕ್ಕಿದ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿತ್ತು, ಉಪಯೋಗಕ್ಕೆ ಬರಲಿಲ್ಲ. ಹಾರ್ಡ್‌ಮನ್ ಮತ್ತು ಟಲ್ಲೋ ಉತ್ತರಕ್ಕೆ, ಹೊಯ್ಮಾ ಕೆಳಗಿನ ಬಯಲಿಗೆ ಬಂದು ಕೊರೆದ ಮ್ಪೂಟಾ-1ರಲ್ಲಿ 2006ರ ಜನವರಿಯಲ್ಲಿ ಎಣ್ಣೆ ಸಿಕ್ಕಿತು. ಅದೇ ವರ್ಷ ದಂಡೆಯ ಮೇಲೆ ನಿಂತು ಸರೋವರದ ಕೆಳಕ್ಕೆ ಓರೆಯಾಗಿ ಕೊರೆದ ಕಿಂಗ್‌ಫಿಶರ್ ಬಾವಿ ಪರೀಕ್ಷೆಯಲ್ಲಿ ದಿನಕ್ಕೆ 13 ಸಾವಿರ ಬ್ಯಾರೆಲ್‌ಗೂ ಹೆಚ್ಚು ಕೊಟ್ಟಿತು. 2007ರ ಆಗಸ್ಟ್‌ನಲ್ಲಿ ಸರೋವರದ ಮೇಲೆ ಕಾಂಗೋ ಸೈನಿಕರ ಜೊತೆ ಗುಂಡಿನ ಚಕಮಕಿಯಾಗಿ ಸರ್ವೆ ದೋಣಿಯಲ್ಲಿದ್ದ ಬ್ರಿಟಿಷ್ ನೌಕರನೊಬ್ಬ ಸತ್ತ. ನಾವು ಹೋದಾಗಲೂ ದಂಡೆಯಲ್ಲಿ ಸೈನ್ಯ ಇತ್ತು; ನೀರಿನ ಕಡೆ ಸುಮ್ಮನೆ ಫೋಟೋ ತೆಗೆಯುವ ಹಾಗಿರಲಿಲ್ಲ.

ನಮ್ಮ ಬಾವಿ ಗುರಿಯ ಪದರಕ್ಕೆ ಬಂದದ್ದು ರಾತ್ರಿಯೇ. ಬಿಟ್ ಇಳಿಯುವ ವೇಗ ತಟ್ಟನೆ ಹೆಚ್ಚಾಯಿತು. ಜೇಡಿಯಿಂದ ಮರಳಿಗೆ ಬಿದ್ದಾಗ ಹೀಗಾಗುತ್ತದೆ. ಡ್ರಿಲ್ಲರ್‌ಗೆ ಫೋನ್ ಮಾಡಿ ಕೊರೆಯುವುದು ನಿಲ್ಲಿಸಿ, ಪಂಪು ಮಾತ್ರ ಓಡಿಸುವಂತೆ ಹೇಳಿದೆವು. ಇನ್ನು ಲ್ಯಾಗ್ ಮುಗಿಯುವವರೆಗೆ ಕಾಯುವುದು. ಪರದೆಯ ಮೇಲೆ ಗ್ಯಾಸ್ ಗೆರೆ ಮೊದಲು ತಳದಲ್ಲೇ ಹರಿದಾಡುತ್ತಿತ್ತು, ಆಮೇಲೆ ಏರತೊಡಗಿತು. ಮೀಥೇನ್ ಜೊತೆಗೆ ಈಥೇನ್, ಪ್ರೊಪೇನ್, ಬ್ಯೂಟೇನ್ ಕೂಡ ಮೆಲ್ಲಗೆ ತಲೆಯೆತ್ತಿದವು. ಬರೀ ಮೀಥೇನ್ ಆದರೆ ಕೊಳೆತ ಜೌಗಿನ ಅನಿಲವೂ ಇರಬಹುದು. ಭಾರದವು ಜೊತೆಗೆ ಬಂದರೆ ಎಣ್ಣೆಯ ಆಸೆ.

ಅಮೂಟಿ ಜರಡಿ ತಂದ. ತಣ್ಣೀರಿನಲ್ಲಿ ತೊಳೆಯಲು ಹೋದರೆ ಕಂದು ಬಣ್ಣದ ಏನೋ ತಂತಿಗೆ ಮೆತ್ತಿಕೊಂಡು ಬಿಡುತ್ತಲೇ ಇರಲಿಲ್ಲ. ಉಗುರಿನಿಂದ ಕೆರೆದರೆ ಮೇಣದ ಬತ್ತಿಯ ಹಾಗೆ ಸುರುಳಿಯಾಗಿ ಎದ್ದಿತು. ಆಲ್ಬರ್ಟ್ ತಗ್ಗಿನ ಎಣ್ಣೆಯ ಗುಣವೇ ಅದು. ಸಿಹಿನೀರ ಸರೋವರದ ಪಾಚಿಯಿಂದ ಹುಟ್ಟಿದ್ದು, ಗಂಧಕ ಕಡಿಮೆ, ಮೇಣ ಬಹಳ. ನೆಲದೊಳಗಿನ ಬಿಸಿಯಲ್ಲಿ ಹರಿಯುತ್ತದೆ, ನಲವತ್ತು ಡಿಗ್ರಿ ಆಸುಪಾಸಿಗೆ ತಣಿದರೆ ಗಟ್ಟಿಯಾಗುತ್ತದೆ. ಬಿಸಿನೀರು ತರಿಸಿ ಜರಡಿ ತೊಳೆದೆವು.

ಯುವಿ ಪೆಟ್ಟಿಗೆಯಲ್ಲಿಟ್ಟಾಗ ಮರಳಿನ ಕಾಳುಗಳು ನಸುಹಳದಿಯಾಗಿ ಹೊಳೆದವು. ಹೊಳೆದದ್ದೆಲ್ಲ ಎಣ್ಣೆಯಲ್ಲ. ಪೈಪಿನ ತಿರುಪಿಗೆ ಹಚ್ಚುವ ಗ್ರೀಸು ಹೊಳೆಯುತ್ತದೆ, ಡೀಸೆಲ್ ಹೊಳೆಯುತ್ತದೆ, ಕೆಲವು ಖನಿಜಗಳೂ ಹೊಳೆಯುತ್ತವೆ. ಅದಕ್ಕೇ ಮುಂದಿನ ಪರೀಕ್ಷೆ ಕಟ್. ನಾಲ್ಕು ಕಾಳನ್ನು ಬಿಳಿ ಪಿಂಗಾಣಿಯ ಗುಳಿಗೆ ಹಾಕಿ, ದ್ರಾವಕದ ಹನಿ ಬಿಟ್ಟು, ಯುವಿ ಕೆಳಗೆ ನೋಡುವುದು. ಖನಿಜವಾದರೆ ಏನೂ ಆಗದು. ಎಣ್ಣೆಯಾದರೆ ಕಾಳಿನಿಂದ ಬೆಳಕಿನ ಎಳೆಗಳು ಹೊರಟು ದ್ರಾವಕದಲ್ಲಿ ಹರಡುತ್ತವೆ. ಹೊರಟವು. ಇಲಾಖೆಯವರು ಕಣ್ಣಿಟ್ಟು ನೋಡಿ, ಪಕ್ಕಕ್ಕೆ ಸರಿದು, ಅಮೂಟಿಯನ್ನು ಕರೆದು ತೋರಿಸಿದರು. ಅವನು ತುಂಬಾ ಹೊತ್ತು ನೋಡಿದ. "ಇದು ಕಿಬಿರೋದಲ್ಲಿ ಇರೋದೇ ಅಲ್ಲವಾ?" ಅಂದ.

ರಿಗ್ಗಿನಿಂದ ಹೊರಗೆ ಒಂದು ಮಾತೂ ಹೋಗಕೂಡದು ಎಂದು ಬೆಳಗಾಗುವಷ್ಟರಲ್ಲಿ ಆದೇಶ ಬಂತು. ಕಂಪನಿಯ ಷೇರು ಲಂಡನ್ನಿನಲ್ಲಿ ಏರಿಳಿಯುವ ಸಂಗತಿ. ಲಾಗ್ ಕಳಿಸುವ ಇಮೇಲ್‌ಗೂ ಪಾಸ್‌ವರ್ಡ್. ಅವ್ವನಿಗೆ ಫೋನಿನಲ್ಲಿ ಹವಾಮಾನದ ಬಗ್ಗೆ ಮಾತಾಡಿದೆ.

ಕಿಬಿರೋಗೆ ಹೋದದ್ದು ಶಿಫ್ಟು ಬದಲಾದಾಗ ಸಿಕ್ಕ ಬಿಡುವಿನಲ್ಲಿ. ದಿಣ್ಣೆಯ ಬುಡದಲ್ಲಿ, ಸರೋವರಕ್ಕೆ ಒತ್ತಿಕೊಂಡ ಊರು. ಮೇಲಿನಿಂದ ಕಡಿದಾದ ಕಾಲುದಾರಿಯಲ್ಲಿ ಇಳಿಯಬೇಕು. ಕೆಳಗೆ ಬಿಸಿನೀರಿನ ಬುಗ್ಗೆ, ಅದರ ತೇವ ಹರಡಿದ ನೆಲದಲ್ಲಿ ಕಲ್ಲಿನ ಗಡಿ ಹಾಕಿದ ಚಿಕ್ಕ ಚಿಕ್ಕ ಉಪ್ಪಿನ ತೋಟಗಳು. ತೋಟಗಳ ಒಡೆತನ ಹೆಂಗಸರದೇ. ಒಣ ಮಣ್ಣನ್ನು ತೇವದ ನೆಲದ ಮೇಲೆ ಹರಡುತ್ತಾರೆ. ಬಿಸಿಲಿಗೆ ನೀರು ಆರಿ ಉಪ್ಪು ಆ ಮಣ್ಣಿಗೆ ಏರುತ್ತದೆ. ಕೆರೆದು ಒಟ್ಟಿ, ಮತ್ತೆ ಹರಡಿ, ಸಾಕಷ್ಟು ಉಪ್ಪು ಏರಿದ ಮೇಲೆ ತಳದಲ್ಲಿ ತೂತಿರುವ ಪಾತ್ರೆಗೆ ತುಂಬಿ ನೀರು ಹೊಯ್ಯುತ್ತಾರೆ. ತೊಟ್ಟಿಕ್ಕಿದ ಉಪ್ಪುನೀರನ್ನು ಒಲೆಯ ಮೇಲೆ ಕುದಿಸಿ ಉಪ್ಪು ತೆಗೆಯುತ್ತಾರೆ. ಶತಮಾನಗಳಿಂದ ನಡೆದುಬಂದ ಕಸುಬು. ಅಲ್ಲೇ, ದಿಣ್ಣೆಯ ಬುಡಕ್ಕೆ ಹತ್ತಿರದಲ್ಲಿ, ಎಣ್ಣೆ ಜಿನುಗುವ ಜಾಗ. ಮೂಗಿಗೆ ಮೊದಲು ಸಿಗುತ್ತದೆ, ಆಮೇಲೆ ಕಣ್ಣಿಗೆ. ಬಿಸಿನೀರೂ ಎಣ್ಣೆಯೂ ಮೇಲೆ ಬರುವುದು ಬಿರುಕಿನ ಅಂಚಿನ ಆ ಸ್ತರಭಂಗದ ಗುಂಟವೇ. ಅಮೂಟಿಯ ಅಜ್ಜಿಯ ತವರು ಆ ಕಡೆಯಂತೆ. ಯುವಿ ಪೆಟ್ಟಿಗೆಯ ಮುಂದೆ ಅವನಿಗೆ ಆ ಮಾತು ಅಷ್ಟು ಸಲೀಸಾಗಿ ಬಂದದ್ದು ಅದಕ್ಕೆ.

ಬಾವಿ ಮುಗಿದ ಮೇಲೆ ಸ್ಯಾಂಪಲ್‌ಗಳನ್ನು ಪ್ಯಾಕ್ ಮಾಡುವುದು ಬೇಸರದ ಕೆಲಸ. ತೊಳೆದು ಒಣಗಿಸಿದ್ದು ಕಾಗದದ ಲಕೋಟೆಗಳಲ್ಲಿ, ಹಸಿಯದು ಬಟ್ಟೆ ಚೀಲಗಳಲ್ಲಿ, ಎಲ್ಲದರ ಮೇಲೂ ಬಾವಿಯ ಹೆಸರು, ಆಳ. ಒಂದು ಸೆಟ್ ಕಂಪನಿಗೆ, ಒಂದು ಎಂಟೆಬೆಗೆ. ಇಲಾಖೆಯವರು ತಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿಸಿ, ಆಳದ ಅಂಕಿ ತಾಳೆ ನೋಡಿ, ಸಹಿ ಹಾಕಿಯೇ ಲಾರಿಗೆ ಏರಿಸಿದರು. ನಮ್ಮವರು ಕೆಲವರಿಗೆ ಅದು ಸರ್ಕಾರಿ ಕಿರಿಕಿರಿ ಅನಿಸಿತು. ನನಗೆ ಹಾಗನಿಸಲಿಲ್ಲ. ಅರವತ್ತು ವರ್ಷ ಇಡೀ ಬಯಲಿಗೆ ಒಂದೇ ಆಳದ ಬಾವಿಯ ದಾಖಲೆ ಇಟ್ಟುಕೊಂಡು ಕೂತ ಜನ, ಒಂದು ಲಕೋಟೆಯ ಬೆಲೆ ಅವರಿಗೆ ಗೊತ್ತಿರುತ್ತದೆ.

ಆಮೇಲೆ ಆದದ್ದನ್ನು ನಾನು ದೂರದಿಂದ, ಬೇರೆ ಬೇರೆ ದೇಶಗಳ ರಿಗ್ಗುಗಳಿಂದ ಓದಿದೆ. 2010ರಲ್ಲಿ ಹೆರಿಟೇಜ್ ತನ್ನ ಪಾಲನ್ನು ಟಲ್ಲೋಗೆ ಮಾರಿ ಹೊರಟಿತು. ಲಾಭದ ಮೇಲಿನ 40 ಕೋಟಿ ಡಾಲರ್ ತೆರಿಗೆಗಾಗಿ ವರ್ಷಗಟ್ಟಲೆ ಜಗಳ ನಡೆದು ಸರ್ಕಾರದ ಕೈ ಮೇಲಾಯಿತು. 2012ರಲ್ಲಿ ಟಲ್ಲೋ ಮೂರರಲ್ಲಿ ಎರಡು ಪಾಲನ್ನು ಟೋಟಲ್ ಮತ್ತು ಚೀನಾದ ಸಿನೂಕ್‌ಗೆ 290 ಕೋಟಿ ಡಾಲರ್‌ಗೆ ಕೊಟ್ಟಿತು, 2020ರಲ್ಲಿ ಉಳಿದದ್ದನ್ನೂ 57.5 ಕೋಟಿಗೆ ಟೋಟಲ್‌ಗೆ ಮಾರಿತು. ಹುಡುಕಿದವರು ಎಣ್ಣೆ ಹರಿಯುವ ಮೊದಲೇ ಜಾಗ ಖಾಲಿ ಮಾಡಿದ್ದರು. ನೆಲದಲ್ಲಿ 650 ಕೋಟಿ ಬ್ಯಾರೆಲ್, ತೆಗೆಯಲಾಗುವುದು ಸುಮಾರು 140 ಕೋಟಿ ಎಂಬ ಅಂದಾಜಿದ್ದರೂ ಕಂಪನಿಗಳು ಕೊನೆಯ ಹೂಡಿಕೆ ನಿರ್ಧಾರಕ್ಕೆ ಬಂದದ್ದು 2022ರ ಫೆಬ್ರವರಿಯಲ್ಲಿ. ಮತ್ತದೇ ಸಮುದ್ರದ ಸಮಸ್ಯೆ. ಹೊಯ್ಮಾದಿಂದ ಟಾಂಜಾನಿಯಾದ ಟಾಂಗಾ ಬಂದರಿಗೆ 1,443 ಕಿಲೋಮೀಟರ್ ಪೈಪ್‌ಲೈನ್ ಹಾಕಬೇಕಿತ್ತು, ನಮ್ಮ ಜರಡಿಗೆ ಮೆತ್ತಿದ್ದ ಆ ಮೇಣ ಗಟ್ಟಿಯಾಗದ ಹಾಗೆ ಉದ್ದಕ್ಕೂ ಬಿಸಿ ಮಾಡಬೇಕಿತ್ತು. ಜಮೀನು ಕಳೆದುಕೊಂಡವರ ಪರಿಹಾರ, ಮರ್ಚಿಸನ್ ಫಾಲ್ಸ್ ರಾಷ್ಟ್ರೀಯ ಉದ್ಯಾನದೊಳಗಿನ ಬಾವಿಗಳು, ಇವುಗಳ ಬಗೆಗಿನ ತಕರಾರು ನ್ಯಾಯವಾದದ್ದೇ ಎಂದು ಅಲ್ಲಿನ ನೆಲ ನೋಡಿದ ನನಗನಿಸುತ್ತದೆ. ಅದು ಬೇರೆಯೇ ಬರಹದ ವಿಷಯ.

ಹಾಗಂತ ಉಗಾಂಡಾದ ಹುಡುಕಾಟ ಮುಗಿದಿಲ್ಲ. ದಕ್ಷಿಣದ ಎಡ್ವರ್ಡ್ ಸರೋವರದ ಬಳಿ 2010ರಲ್ಲಿ ಡೊಮಿನಿಯನ್ ಕಂಪನಿ ಕೊರೆದ ನ್ಗಾಜಿ-1 ಬಾವಿಯಲ್ಲಿ ಎಣ್ಣೆ ಸಿಗಲಿಲ್ಲ. ಈಶಾನ್ಯದ ಕರಮೋಜಾದಲ್ಲಿ ಮೊರೊಟೊ, ಕಡಮ್ ಗುಡ್ಡಗಳ ಸುತ್ತಿನ ತಗ್ಗನ್ನು ಇಲಾಖೆಯ ಭೂವಿಜ್ಞಾನಿಗಳೇ ಅಳೆಯಲು ಶುರುಮಾಡಿದರು. ಗುರುತ್ವ, ಕಾಂತೀಯ ಅಳತೆ, ಕಲ್ಲಿನ ನಕ್ಷೆ. ತೊಂಬತ್ತರ ದಶಕದಲ್ಲಿ ಆಲ್ಬರ್ಟ್ ದಂಡೆಯಲ್ಲಿ ಮಾಡಿದ ಕೆಲಸವೇ. ಅಲ್ಲಿ ಎಣ್ಣೆ ಇದೆಯೋ ಇಲ್ಲವೋ, ಬಾವಿ ಕೊರೆಯುವವರೆಗೆ ಯಾರೂ ಹೇಳಲಾರರು. ಅಮೂಟಿ ಈಗ ಹೊಯ್ಮಾದಲ್ಲಿ ಬೋಡಾ-ಬೋಡಾ ಎಂಬ ಬಾಡಿಗೆ ಬೈಕುಗಳ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಪೈಪ್‌ಲೈನ್ ಕೆಲಸದವರಿಂದ ವ್ಯಾಪಾರ ಚೆನ್ನಾಗಿದೆ ಅಂತ ವಾಟ್ಸಾಪ್ ಮಾಡಿದ್ದ.